ಇಂಗ್ಲಿಷ್ ಸರ್ವನಾಮಗಳು: ಗದಗ ಸೀಮೆಯ ಕನ್ನಡದ ಕಡೆಯಿಂದ

ನಾಮಪದದ ಬದಲಿಗೆ ಬಳಸುವ ಪದವೇ ಸರ್ವನಾಮ. ಈ ಲಕ್ಷಣವನ್ನು ಕನ್ನಡ ಶಾಲೆಯ ಮಕ್ಕಳು ಕನ್ನಡ ವ್ಯಾಕರಣದಲ್ಲಿ ಒಮ್ಮೆ, ಇಂಗ್ಲಿಷ್ ವ್ಯಾಕರಣದಲ್ಲಿ ಮತ್ತೊಮ್ಮೆ ಬಾಯಿಪಾಠ ಮಾಡುತ್ತಾರೆ. ಲಕ್ಷಣ ಒಂದೇ ಆದ್ದರಿಂದ ಎರಡು ಭಾಷೆಗಳಲ್ಲೂ ಸರ್ವನಾಮದ ಕೆಲಸ ಒಂದೇ ಎಂಬ ನಂಬಿಕೆ ಬೆಳೆಯುತ್ತದೆ. ನಾನು ಅಂದರೆ ಐ, ಅವನು ಅಂದರೆ ಹಿ, ಅವಳು ಅಂದರೆ ಶಿ, ಅವರು ಅಂದರೆ ದೇ ಎಂಬ ಪಟ್ಟಿ ಗೋಡೆಯ ಮೇಲೆ ಬರುತ್ತದೆ. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಅದನ್ನು ಪೂರ್ತಿ ಕಲಿತ ವಿದ್ಯಾರ್ಥಿಯೂ ವಾಕ್ಯ ಬರೆಯುವಾಗ ಎಡವುತ್ತಾನೆ, ಎಲ್ಲರೂ ಹೆಚ್ಚುಕಡಿಮೆ ಅದೇ ಜಾಗಗಳಲ್ಲಿ ಎಡವುತ್ತಾರೆ. ಒಂದೇ ಜಾಗದಲ್ಲಿ ಎಲ್ಲರೂ ಎಡವಿದರೆ ಅದನ್ನು ಅಲಕ್ಷ್ಯ ಎನ್ನಲಾಗದು, ಅದರ ಹಿಂದೆ ನಿಯಮವೊಂದಿರಬೇಕು. ಆ ನಿಯಮ ಕನ್ನಡದ್ದು. ಯಾರು, ಯಾರನ್ನು, ಯಾರದು ಎಂಬುದನ್ನು ತಿಳಿಸುವ ಹೊರೆಯ ಹೆಚ್ಚು ಪಾಲನ್ನು ಕನ್ನಡ ಕ್ರಿಯಾಪದಕ್ಕೆ, ಕೃದಂತಕ್ಕೆ ಮತ್ತು ಸಂದರ್ಭಕ್ಕೆ ಹೊರಿಸಿ, ಸರ್ವನಾಮಕ್ಕೆ ದೂರ ಹತ್ತಿರ, ಗೌರವ ಸಲಿಗೆಗಳನ್ನು ಹೇಳಲು ಬಿಡುವು ಮಾಡಿಕೊಟ್ಟಿದೆ. ಇಂಗ್ಲಿಷ್ ಕ್ರಿಯಾಪದ ತನ್ನ ಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡಿರುವುದರಿಂದ ಅಲ್ಲಿ ಆ ಹೊರೆಯೆಲ್ಲ ಸರ್ವನಾಮದ ಹೆಗಲಿಗೆ ಬಿದ್ದಿದೆ. ಆದ್ದರಿಂದ ಇಂಗ್ಲಿಷ್ ಸರ್ವನಾಮಗಳ ಸರಿಯಾದ ಬಳಕೆಯನ್ನು ಕನ್ನಡಿಗರಿಗೆ ಕನ್ನಡ ಸರ್ವನಾಮಗಳಿಂದಲೇ ಆರಂಭಿಸಿ ಕಲಿಸಬೇಕು ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಗದಗ ಸೀಮೆ ತಕ್ಕ ನೆಲ. ಗದಗ–ಹುಬ್ಬಳ್ಳಿ ರಸ್ತೆಯ ಮೇಲಿರುವ ಹುಲಕೋಟಿ ಸಹಕಾರಿ ಚಳವಳಿಗೆ, ಕೆ. ಎಚ್. ಪಾಟೀಲರ ರಾಜಕಾರಣಕ್ಕೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಹೆಸರಾದ ಊರು. ಅಲ್ಲಿಯ ಗ್ರಾಮೀಣ ಎಂಜಿನಿಯರಿಂಗ್ ಕಾಲೇಜು ಸುತ್ತಲಿನ ಕನ್ನಡ ಮಾಧ್ಯಮದ ಮಕ್ಕಳನ್ನೂ ಇಂಗ್ಲಿಷ್ ಪಠ್ಯದ ಮುಂದೆ ಕೂರಿಸುತ್ತದೆ. ಇದೇ ಸೀಮೆಯ ಲಕ್ಷ್ಮೇಶ್ವರ ಹಿಂದಿನ ಪುಲಿಗೆರೆ. ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲ್, ಕೊಪಣ, ಒಕ್ಕುಂದಗಳ ಜೊತೆ ಪುಲಿಗೆರೆಯನ್ನೂ ಹೆಸರಿಸುತ್ತದೆ. 941ರ ಸುಮಾರಿನಲ್ಲಿ ಪಂಪ ತನ್ನ ಭಾರತಕ್ಕೆ ಆರಿಸಿಕೊಂಡದ್ದು ಪುಲಿಗೆರೆಯ ತಿರುಳ್ಗನ್ನಡವನ್ನು. ಪಕ್ಕದ ಮುಳಗುಂದದ ನಯಸೇನ 1112ರ ಧರ್ಮಾಮೃತದಲ್ಲಿ ಕನ್ನಡದೊಳಗೆ ಬೇಕಿಲ್ಲದ ಸಂಸ್ಕೃತ ಬೆರೆಸುವವರನ್ನು ತರಾಟೆಗೆ ತೆಗೆದುಕೊಂಡವನು. ಎರಡು ಭಾಷೆಗಳ ಜಾಯಮಾನ ಬೇರೆ, ಒಂದರ ಅಳತೆಯನ್ನು ಇನ್ನೊಂದರ ಮೇಲೆ ಹೇರಬಾರದು ಎಂಬ ಎಚ್ಚರಕ್ಕೆ ಈ ಭಾಗದಲ್ಲಿ ಒಂಬತ್ತು ನೂರು ವರ್ಷಗಳ ಇತಿಹಾಸವಿದೆ. ಇಂದು ಶಾಲೆಯ ಪುಸ್ತಕ ಅವನು, ಅವಳು ಎಂದು ಕಲಿಸುವಲ್ಲಿ ಊರಿನ ಮಾತು ಅಂವ, ಆಕಿ ಎನ್ನುತ್ತದೆ. ಹಳಗನ್ನಡದ ಅವಂ ಎಂಬ ರೂಪಕ್ಕೆ ಅಂವ ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ಗಮನಿಸಿದವರು ಊರಮಾತನ್ನು ಕೆಟ್ಟ ಕನ್ನಡ ಎನ್ನಲಾರರು.

ಕನ್ನಡ ಸರ್ವನಾಮಗಳನ್ನು ಶಾಸ್ತ್ರವಾಗಿ ನೋಡಿದವರಲ್ಲಿ ಶಬ್ದಮಣಿದರ್ಪಣದ ಕೇಶಿರಾಜ, 13ನೆಯ ಶತಮಾನದವನು, ಮುಖ್ಯ. 1604ರಲ್ಲಿ ಭಟ್ಟಾಕಳಂಕ ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣ ಬರೆದ. 19ನೆಯ ಶತಮಾನದಲ್ಲಿ ದಿಕ್ಕು ತಿರುಗಿತು. ವಿಲಿಯಂ ಕೇರಿಯ 1817ರ ವ್ಯಾಕರಣದಿಂದ ಹಿಡಿದು ಫರ್ಡಿನೆಂಡ್ ಕಿಟೆಲ್‌ನ 1903ರ ವ್ಯಾಕರಣದವರೆಗೆ ಬಂದ ಪುಸ್ತಕಗಳು ಇಂಗ್ಲಿಷ್ ಬಲ್ಲವರಿಗೆ ಕನ್ನಡ ಕಲಿಸಲು ಬರೆದವು. ಕಿಟೆಲ್‌ನ ಸಂಸ್ಥೆಯಾದ ಬಾಸೆಲ್ ಮಿಷನ್ ಗದಗಕ್ಕೆ ಅಂಟಿದ ಬೆಟಗೇರಿಯಲ್ಲಿ ನೆಲೆ ಊರಿದ್ದು 1841ರಲ್ಲಿ. ಈ ಮಿಷನ್ನಿನ ಪಾದ್ರಿಗಳು ಕನ್ನಡ ಕಲಿಯುವಾಗ ತಮ್ಮ ಭಾಷೆಯಲ್ಲಿ ಇದ್ದು ಕನ್ನಡದಲ್ಲಿ ಇಲ್ಲದ್ದು ಯಾವುದು, ಕನ್ನಡದಲ್ಲಿದ್ದು ತಮ್ಮಲ್ಲಿ ಇಲ್ಲದ್ದು ಯಾವುದು ಎಂದು ಹೆಜ್ಜೆಹೆಜ್ಜೆಗೂ ಹೋಲಿಸಿಕೊಂಡರು. ದ್ರಾವಿಡ ಭಾಷೆಗಳಿಗೆ ಸಂಬಂಧಾರ್ಥಕ ಸರ್ವನಾಮವಿಲ್ಲ, ಅದರ ಕೆಲಸವನ್ನು ಕೃದಂತ ಮಾಡುತ್ತದೆ ಎಂದು ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲೇ ವಿವರಿಸಿದ. ಕನ್ನಡದ ಮಗು ಇಂಗ್ಲಿಷ್ ಕಲಿಯುವಾಗ ಮಾತ್ರ ಈ ಹೋಲಿಕೆಯ ದಾರಿ ಮುಚ್ಚಿಹೋಯಿತು. ಅದರ ಕೈಗೆ ಸಿಕ್ಕಿದ್ದು ರೆನ್ ಮತ್ತು ಮಾರ್ಟಿನ್ ಅವರ 1930ರ ದಶಕದ ವ್ಯಾಕರಣ. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದ ಪುಸ್ತಕ ಅದು. ಮನೆಯಲ್ಲೇ ಇಂಗ್ಲಿಷ್ ಆಡುವ ಮಗುವಿಗೆ ಯಾವುದರಲ್ಲಿ ಗೊಂದಲ ಆಗಬಹುದು ಎಂಬುದು ಅದಕ್ಕೆ ಗೊತ್ತು, ಹುಲಕೋಟಿಯ ಮಗುವಿನ ಗೊಂದಲ ಅದಕ್ಕೆ ಗೊತ್ತಿರಲು ಸಾಧ್ಯವಿರಲಿಲ್ಲ.

ಮೊದಲ ಮತ್ತು ಎಲ್ಲಕ್ಕಿಂತ ವ್ಯಾಪಕವಾದ ತಪ್ಪು ಸರ್ವನಾಮವನ್ನು ಬಿಟ್ಟುಬಿಡುವುದು. ಸುಗ್ಗಿಯಲ್ಲಿ ಈ ಭಾಗದ ರೈತ ಮಾಡಿದ ಕೆಲಸವನ್ನು ಹೀಗೆ ಹೇಳಬಹುದು: ‘ಹತ್ತಿ ಬಿಡಿಸಿದ್ವಿ, ಗಾಡ್ಯಾಗ ಹೇರಿದ್ವಿ, ಗದಗಕ್ಕ ಒಯ್ದು ಮಾರಿದ್ವಿ.’ ಇದರಲ್ಲಿ ಒಂದೂ ಸರ್ವನಾಮವಿಲ್ಲ, ಆದರೂ ಏನೂ ಕಡಿಮೆಯಾಗಿಲ್ಲ. ಮಾಡಿದವರು ನಾವು ಎಂಬುದನ್ನು ಕ್ರಿಯಾಪದದ ತುದಿಯ ಪ್ರತ್ಯಯ ಹೇಳಿತು. ಹೇರಿದ್ದು, ಒಯ್ದದ್ದು, ಮಾರಿದ್ದು ಹತ್ತಿಯನ್ನೇ ಎಂಬುದು ಸಂದರ್ಭದಿಂದ ತಿಳಿಯಿತು. ಇಂಗ್ಲಿಷಿನಲ್ಲಿ ಇದು ‘ವಿ ಪಿಕ್ಡ್ ದ ಕಾಟನ್, ಲೋಡೆಡ್ ಇಟ್ ಆನ್ ದ ಕಾರ್ಟ್, ಟುಕ್ ಇಟ್ ಟು ಗದಗ ಅಂಡ್ ಸೋಲ್ಡ್ ಇಟ್’ ಆಗಬೇಕು. ಒಂದು ವಿ, ಮೂರು ಇಟ್. ಕಲಿಯುವವನು ಬರೆಯುವುದು ‘ಲೋಡೆಡ್ ಆನ್ ದ ಕಾರ್ಟ್, ಟುಕ್ ಟು ಗದಗ ಅಂಡ್ ಸೋಲ್ಡ್’ ಎಂದು. ಇದಕ್ಕೆ ಕೆಂಪು ಶಾಯಿಯಲ್ಲಿ ಇಟ್ ಎಂದು ಸೇರಿಸಿ ಕೊಟ್ಟರೆ ಮುಂದಿನ ವಾರವೂ ಅದೇ ತಪ್ಪು ಬರುತ್ತದೆ, ಯಾಕೆಂದರೆ ಇಟ್ ಎಂದರೇನು ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ: ಕನ್ನಡದಲ್ಲಿ ತಿಳಿದದ್ದನ್ನು ಬಿಡುವುದು ಸರಿಯಾದ ಕ್ರಮ, ಇಂಗ್ಲಿಷಿನಲ್ಲಿ ತಿಳಿದದ್ದನ್ನೂ ಸರ್ವನಾಮವಾಗಿ ಹೇಳಲೇಬೇಕು. ಕರ್ತೃವನ್ನು ಬಿಡುವುದು ಕನ್ನಡದ ವಿಶೇಷವೇನಲ್ಲ, ಕ್ರಿಯಾಪದದ ಪ್ರತ್ಯಯ ಗಟ್ಟಿಯಾಗಿರುವ ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳೂ ಹಾಗೇ ಮಾಡುತ್ತವೆ. ಇಂಗ್ಲಿಷ್ ಕೂಡ ಸಾವಿರ ವರ್ಷದ ಹಿಂದೆ ಕ್ರಿಯಾಪದಕ್ಕೆ ಪುರುಷ ವಚನಗಳ ಪ್ರತ್ಯಯ ಹಚ್ಚುತ್ತಿತ್ತು. ಅವು ಸವೆದು, ವರ್ತಮಾನದಲ್ಲಿ ಹಿ, ಶಿ, ಇಟ್‌ಗಳ ಜೊತೆ ಬರುವ ಒಂದು ಎಸ್ ಉಳಿಯಿತು. ಹೊರೆ ಸರ್ವನಾಮಕ್ಕೆ ಬಂದದ್ದು ಹಾಗೆ. ಮಳೆ ಬರುತ್ತಿದೆ, ಹೊತ್ತಾಯಿತು, ಥಂಡಿ ಇದೆ ಎಂಬ ವಾಕ್ಯಗಳಲ್ಲಿ ಯಾವ ನಾಮಪದಕ್ಕೂ ಬದಲಾಗಿ ನಿಲ್ಲದ ಒಂದು ಇಟ್‌ಅನ್ನು ಇಂಗ್ಲಿಷ್ ಕೇಳುವುದೂ ಇದೇ ಕಾರಣಕ್ಕೆ. ಕರ್ತೃವಿನ ಜಾಗ ಖಾಲಿ ಇರುವಂತಿಲ್ಲ. ಈ ಇಟ್ ಯಾವುದರ ಬದಲು ಬಂತು ಎಂದು ಮಗು ಕೇಳಿದರೆ ಬಾಯಿಪಾಠದ ಲಕ್ಷಣದಲ್ಲಿ ಉತ್ತರವಿಲ್ಲ.

ಎರಡನೆಯದು ತಾನು. ಕನ್ನಡ ಸರ್ವನಾಮಗಳಲ್ಲೆಲ್ಲ ಇದೇ ಹೆಚ್ಚು ಸೂಕ್ಷ್ಮ, ಇಂಗ್ಲಿಷಿಗೆ ದಾಟುವಾಗ ಹೆಚ್ಚು ನಷ್ಟವಾಗುವುದೂ ಇಲ್ಲೇ. ಶಾಲೆಯಲ್ಲಿ ತಾನು, ತಾವುಗಳನ್ನು ಆತ್ಮಾರ್ಥಕ ಸರ್ವನಾಮ ಎನ್ನುತ್ತಾರೆ, ಇಂಗ್ಲಿಷ್ ಪಾಠದಲ್ಲಿ ಹಿಮ್‌ಸೆಲ್ಫ್ ಎಂಬುದಕ್ಕೂ ಅದೇ ಹೆಸರು. ಹೆಸರು ಒಂದಾದರೂ ಇವುಗಳ ನಡವಳಿಕೆ ಬೇರೆ. ‘ಶಿವ ತನ್ನನ್ನು ಬೈದ ಅಂತ ಬಸವ ಹೇಳಿದ’ ಎಂಬಲ್ಲಿ ಬೈಸಿಕೊಂಡವನು ಬಸವ. ತಾನು ತನ್ನ ಚಿಕ್ಕ ವಾಕ್ಯವನ್ನು ದಾಟಿ ಹೊರಗಿನ ದೊಡ್ಡ ವಾಕ್ಯದ ಕರ್ತೃವನ್ನು ಹಿಡಿಯಬಲ್ಲದು. ಶಿವ ತನ್ನನ್ನೇ ಬೈದುಕೊಂಡಿದ್ದರೆ ಕನ್ನಡ ‘ತನ್ನನ್ನು ತಾನೇ ಬೈದುಕೊಂಡ’ ಎಂದು ಕೊಳ್ಳು ಎಂಬ ಸಹಾಯಕ್ರಿಯೆಯನ್ನು ಕರೆಯುತ್ತದೆ. ಇಂಗ್ಲಿಷಿನ ಹಿಮ್‌ಸೆಲ್ಫ್‌ಗೆ ಇಂಥ ಓಡಾಟವಿಲ್ಲ, ಅದು ತನ್ನ ವಾಕ್ಯದೊಳಗೇ ಯಜಮಾನನನ್ನು ಹುಡುಕಿಕೊಳ್ಳಬೇಕು. ಭಾಷಾವಿಜ್ಞಾನಿ ಚಾಮ್‌ಸ್ಕಿ 1981ರಲ್ಲಿ ಇದನ್ನು ಒಂದು ಸಾಮಾನ್ಯ ತತ್ವವಾಗಿ ಮಂಡಿಸಿದ ಮೇಲೆ ಚೀನೀ, ಜಪಾನೀ, ಐಸ್‌ಲ್ಯಾಂಡಿಕ್ ಭಾಷೆಗಳ ಆತ್ಮಾರ್ಥಕಗಳು ಕನ್ನಡದಂತೆ ದೂರ ಜಿಗಿಯುತ್ತವೆ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ನಮ್ಮ ವಿದ್ಯಾರ್ಥಿ ‘ಬಸವ ಸೆಡ್ ದಟ್ ಶಿವ ಸ್ಕೋಲ್ಡೆಡ್ ಹಿಮ್‌ಸೆಲ್ಫ್’ ಎಂದು ಬರೆದರೆ ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ, ಆದರೆ ಇಂಗ್ಲಿಷ್ ಓದುಗನಿಗೆ ಬೈಸಿಕೊಂಡವನು ಬದಲಾಗಿಹೋದ. ಬೇಕಿದ್ದದ್ದು ಬರಿಯ ಹಿಮ್. ಅದರಲ್ಲೂ ಸಂದಿಗ್ಧವಿದೆ, ಅದು ಬಸವನೂ ಆಗಬಹುದು, ಮೂರನೆಯ ಒಬ್ಬನೂ ಆಗಬಹುದು. ಕನ್ನಡ ತನ್ನನ್ನು, ಅವನನ್ನು ಎಂದು ಬಿಡಿಸಿ ಇಡುವುದನ್ನು ಇಂಗ್ಲಿಷ್ ಇಲ್ಲಿ ಬಿಡಿಸಲಾರದು. ತನ್ನ ಎತ್ತು, ಅವನ ಎತ್ತು ಎಂಬ ಎರಡಕ್ಕೂ ಅಲ್ಲಿರುವುದು ಒಂದೇ ಹಿಸ್. ಈ ಕೊರತೆಯನ್ನು ತುಂಬಲು ಕನ್ನಡಿಗರು ಎಲ್ಲ ಕಡೆ ಹಿಸ್ ಓನ್ ಎಂದು ಸೇರಿಸುತ್ತಾರೆ. ಇಂಗ್ಲಿಷ್ ಓದುಗನಿಗೆ ಅದು ಬೇಡದ ಒತ್ತಾಗಿ ಕೇಳುತ್ತದೆ. ಇದಕ್ಕೆ ತಿರುವುಮುರುವಾದ ತಪ್ಪು ‘ಮಾರಿ ತೊಳಕೊಂಡ’ ಎಂಬಂಥ ವಾಕ್ಯದಲ್ಲಿ. ಕೊಂಡ ಎಂಬುದೇ ಯಾರ ಮಾರಿ ಎಂದು ಹೇಳಿಬಿಡುವುದರಿಂದ ‘ಹಿ ವಾಶ್ಡ್ ಫೇಸ್’ ಎಂದು ಬರೆದವನಿಗೆ ಏನೋ ಬಿಟ್ಟುಹೋಗಿದೆ ಎಂದು ಅನ್ನಿಸುವುದೇ ಇಲ್ಲ. ಇಂಗ್ಲಿಷಿಗೆ ಅಲ್ಲಿ ಹಿಸ್ ಬೇಕು.

ತಾನು ತರುವ ಇನ್ನೊಂದು ತೊಡಕು ಪರಿಣಾಮದಲ್ಲಿ ಎಲ್ಲಕ್ಕಿಂತ ದೊಡ್ಡದು. ‘ಅಂವ ತಾ ರೊಕ್ಕಾ ಕೊಟ್ಟೇನಿ ಅಂದ’ ಎಂಬ ಮಾತನ್ನು ನಿಧಾನವಾಗಿ ನೋಡಬೇಕು. ತಾ ಎಂಬುದು ಅವನನ್ನು ಸೂಚಿಸುತ್ತದೆ, ಕ್ರಿಯಾಪದವೋ ಕೊಟ್ಟೇನಿ ಎಂದು ಉತ್ತಮ ಪುರುಷದಲ್ಲಿದೆ. ಆಡಿದವನ ಕ್ರಿಯಾಪದವನ್ನು ಹಾಗೇ ಇಟ್ಟುಕೊಂಡು, ನಾನು ಎಂಬುದನ್ನಷ್ಟೇ ತಾನು ಎಂದು ಬದಲಿಸಿದ ಈ ರಚನೆ ಕನ್ನಡಕ್ಕೆ ಸಹಜ, ಬರೆಹದಲ್ಲೂ ‘ತಾನು ಬರುತ್ತೇನೆ ಎಂದನು’ ಎಂದೇ ಬರೆಯುತ್ತೇವೆ. ಆಡುಮಾತಿನಲ್ಲಿ ತಾ ಕೂಡ ಬಿದ್ದುಹೋಗಿ ‘ರೊಕ್ಕಾ ಕೊಟ್ಟೇನಿ ಅಂದ’ ಎಂದಷ್ಟೇ ಉಳಿಯುತ್ತದೆ. ಇದನ್ನು ಇಂಗ್ಲಿಷಿಗೆ ತರುವವನು ಕ್ರಿಯಾಪದವನ್ನು ನೋಡಿ ‘ಹಿ ಸೆಡ್ ದಟ್ ಐ ಗೇವ್ ದ ಮನಿ’ ಎಂದು ಬರೆದರೆ ಹಣ ಕೊಟ್ಟವನು ಹೇಳಿಕೆ ಬರೆದುಕೊಡುತ್ತಿರುವವನೇ ಆಗಿಬಿಡುತ್ತಾನೆ. ದಟ್ ಬಂದಮೇಲೆ ಒಳಗಿನ ಸರ್ವನಾಮಗಳೆಲ್ಲ ವರದಿ ಮಾಡುವವನ ಕಡೆಯಿಂದ ತಿರುಗಬೇಕು ಎಂಬುದು ಇಂಗ್ಲಿಷಿನ ನಿಯಮ. ಇಲ್ಲಿ ಬೇಕಾದ್ದು ಹಿ ಹ್ಯಾಡ್ ಗಿವನ್. ಅರ್ಜಿಯಲ್ಲಿ, ಬ್ಯಾಂಕಿನ ಪತ್ರದಲ್ಲಿ, ಸಾಕ್ಷಿ ಹೇಳಿಕೆಯ ಅನುವಾದದಲ್ಲಿ ಈ ಒಂದಕ್ಷರದ ಐ ಹೊಣೆಯನ್ನು ಒಬ್ಬರ ಮೇಲಿಂದ ಇನ್ನೊಬ್ಬರ ಮೇಲೆ ಹಾಕಬಲ್ಲದು. ಪರೋಕ್ಷ ಭಾಷಣವನ್ನು ಶಾಲೆಗಳಲ್ಲಿ ನೌ ಇದ್ದರೆ ದೆನ್ ಮಾಡು, ವಿಲ್ ಇದ್ದರೆ ವುಡ್ ಮಾಡು ಎಂಬ ಬದಲಾವಣೆಯ ಪಟ್ಟಿಯಾಗಿ ಕಲಿಸುತ್ತಾರೆ. ತಾನು ಎಂಬುದರ ಮುಂದೆ ಉತ್ತಮ ಪುರುಷದ ಕ್ರಿಯಾಪದ ಯಾಕೆ ಬಂತು ಎಂದು ಕನ್ನಡದಲ್ಲೇ ಒಮ್ಮೆ ಬಿಡಿಸಿ ತೋರಿಸಿದರೆ ಆ ಪಟ್ಟಿಗಿಂತ ಹೆಚ್ಚು ಕೆಲಸವಾದೀತು.

ಸಂಬಂಧಾರ್ಥಕಗಳ ವಿಷಯದಲ್ಲಿ ತಪ್ಪಿಗೆ ಕಾರಣ ಕನ್ನಡವಲ್ಲ, ಪಾಠಕ್ಕಾಗಿ ಹುಟ್ಟಿಸಿದ ಕನ್ನಡ. ‘ನಿನ್ನೆ ಸಂತ್ಯಾಗ ನಾ ಕಂಡ ಮನಿಷ್ಯಾ’ ಎಂಬಲ್ಲಿ ಕಂಡ ಎಂಬ ಕೃದಂತ ನಾಮಪದಕ್ಕೆ ನೇರ ಹತ್ತಿಕೊಳ್ಳುತ್ತದೆ, ಹೂ, ಹೂಮ್, ವಿಚ್‌ಗಳಿಗೆ ಸಮನಾದ ಪದ ಬೇಕಿಲ್ಲ. ಪಾಠದಲ್ಲಿ ಮಾತ್ರ ಹೂಮ್ ಎಂಬುದಕ್ಕೆ ಅರ್ಥ ಕೊಡಲೇಬೇಕೆಂದು ‘ಯಾವ ಮನುಷ್ಯನನ್ನು ನಾನು ಕಂಡೆನೋ ಅವನು’ ಎಂಬ ಜೋಡಿ ಕಟ್ಟುತ್ತಾರೆ. ಯಾವ, ಅವನು ಎಂಬ ಈ ಎರಡನ್ನೂ ಇಂಗ್ಲಿಷಿಗೆ ತಂದಾಗ ‘ದ ಮ್ಯಾನ್ ಹೂಮ್ ಐ ಸಾ ಹಿಮ್’ ಎಂದು ಹಿಮ್ ಹೆಚ್ಚಾಗುತ್ತದೆ. ಕಂಡ ಮನುಷ್ಯ ಎಂಬ ಸಹಜ ರಚನೆಯಿಂದಲೇ ಹೊರಟು, ಇಂಗ್ಲಿಷಿನಲ್ಲಿ ಕೃದಂತ ನಾಮಪದದ ಹಿಂದಿನಿಂದ ಮುಂದಕ್ಕೆ ಹೋಗಿ ನಡುವೆ ಹೂಮ್ ಕೊಂಡಿಯಾಗುತ್ತದೆ ಎಂದು ತೋರಿಸಿದರೆ ಈ ಹೆಚ್ಚಳ ಹುಟ್ಟುವುದೇ ಇಲ್ಲ.

ತಪ್ಪುಗಳು ಮನೆಮಾತಿನಿಂದ ಬರುತ್ತವೆ ಎಂಬುದಕ್ಕೆ ಅತಿ ಸ್ಪಷ್ಟ ಸಾಕ್ಷಿ ಲಿಂಗದ ವಿಷಯದಲ್ಲಿ ಸಿಗುತ್ತದೆ, ಅದೂ ಕನ್ನಡಿಗರು ಮಾಡದ ಒಂದು ತಪ್ಪಿನಲ್ಲಿ. ಬಾಂಗ್ಲಾದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಸರ್ವನಾಮ, ಹಿಂದಿಯಲ್ಲಿ ವಹ್ ಒಂದೇ. ಆ ಮನೆಮಾತಿನವರಿಗೆ ಹಿ, ಶಿಗಳ ನಡುವೆ ತಡವರಿಕೆ ಸಹಜ. ಅಂವ, ಆಕಿ ಎಂದು ಹುಟ್ಟಿನಿಂದ ಬೇರೆ ಮಾಡಿದ ಕನ್ನಡದ ಮಗುವಿಗೆ ಅದು ತೊಡಕೇ ಅಲ್ಲ. ಮನೆಯಲ್ಲಿ ದಖನಿ ಉರ್ದು ಆಡುವ ಲಕ್ಷ್ಮೇಶ್ವರದ ಮಗುವಿಗೆ ವೋ ಎಂಬುದೊಂದೇ ಇರುವುದರಿಂದ ಅಲ್ಲಿ ಮೇಷ್ಟರು ಹೆಚ್ಚು ಗಮನ ಕೊಡಬೇಕಾಗಬಹುದು. ಕನ್ನಡ ಕಾಡುವುದು ಬೇರೆ ಕಡೆ. ಕನ್ನಡದ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಆದರೆ ಸೂರ್ಯನನ್ನು ಪುಲ್ಲಿಂಗ ಮಾಡಿ ಮುಳುಗಿದ ಎನ್ನುತ್ತದೆ, ಕೂಸನ್ನು ನಪುಂಸಕ ಮಾಡಿ ಅಳಾಕತ್ತೈತಿ ಎನ್ನುತ್ತದೆ. ಹೀಗಾಗಿ ವಿಜ್ಞಾನದ ಉತ್ತರದಲ್ಲಿ ಸೂರ್ಯ ಹಿ ಆಗುವುದು, ಅಕ್ಕನ ಮಗಳು ಇಟ್ ಆಗುವುದು. ಇಂಗ್ಲಿಷಿನಲ್ಲಿ ಗೊತ್ತಿಲ್ಲದ ಕೂಸಿಗೆ ಇಟ್ ನಡೆಯುತ್ತದೆ, ಮನೆಯವರ ಮುಂದೆ ಅವರ ಮಗುವನ್ನು ಇಟ್ ಎಂದರೆ ಒರಟಾಗುತ್ತದೆ. ವಚನದಲ್ಲಿ ಕನ್ನಡ ಅವರು, ಅವು ಎಂದು ಮನುಷ್ಯರನ್ನೂ ಉಳಿದವನ್ನೂ ಬೇರೆ ಮಾಡುತ್ತದೆ, ಇಂಗ್ಲಿಷ್ ದೇ ಒಂದರಲ್ಲೇ ಎರಡನ್ನೂ ಹಿಡಿಯುತ್ತದೆ. ಆಡುಗನ್ನಡ ಪ್ರಾಣಿ ವಸ್ತುಗಳಿಗೆ ಬಹುವಚನವನ್ನೇ ಹೆಚ್ಚಾಗಿ ಬಿಟ್ಟುಕೊಟ್ಟಿದೆ, ಹತ್ತು ಎತ್ತಿದ್ದರೂ ಬಂತು ಎನ್ನುವುದುಂಟು. ‘ದ ಬುಕ್ಸ್ ಆರ್ ನ್ಯೂ, ಇಟ್ ಈಸ್ ಆನ್ ದ ಟೇಬಲ್’ ಎಂಬ ವಾಕ್ಯ ಹುಟ್ಟುವುದು ಅಲ್ಲಿಂದ.

ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 2004ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂದ ಸರ್ವನಾಮಗಳ ಮೇಲಿನ ಇಂಗ್ಲಿಷ್ ಗ್ರಂಥದಲ್ಲಿ ಈ ಎಲ್ಲಕ್ಕೂ ಹಿನ್ನೆಲೆಯಾಗಬಲ್ಲ ಒಂದು ವಿಂಗಡಣೆ ಮಾಡಿದ್ದಾರೆ. ನಾನು, ನೀನುಗಳು ಮಾತಿನಲ್ಲಿ ಪಾತ್ರ ವಹಿಸುವವರನ್ನು ಹೇಳುವ ಪದಗಳು. ಅವನು, ಇವನು, ಯಾವನು ಎಂಬವು ಅಲ್ಲಿ, ಇಲ್ಲಿ, ಎಲ್ಲಿ, ಅಷ್ಟು, ಇಷ್ಟು, ಎಷ್ಟು ಎಂಬವುಗಳ ಕುಲಕ್ಕೆ ಸೇರಿದವು, ಬೆರಳು ಮಾಡಿ ತೋರಿಸುವ ಪದಗಳು. ಕನ್ನಡದಂಥ ಭಾಷೆಗಳಲ್ಲಿ ನಿಜವಾದ ಪುರುಷಗಳು ಎರಡೇ, ಇಂಗ್ಲಿಷಿನಂಥವುಗಳಲ್ಲಿ ಹಿ, ಶಿ, ಇಟ್‌ಗಳು ದಿಸ್, ದಟ್‌ಗಳಿಂದ ಬೇರೆಯಾಗಿ ಮೂರನೆಯ ಪುರುಷ ಗಟ್ಟಿಯಾಗಿದೆ. ಇವನು, ಅವನು ಎಂಬ ಹತ್ತಿರ ದೂರಗಳನ್ನು ಕಳೆದುಕೊಂಡು ಹಿ ಎಂಬುದರಲ್ಲಿ ನಿಲ್ಲಬೇಕಾದ ಕನ್ನಡಿಗ ದಿಸ್ ಬಾಯ್, ದಟ್ ಬಾಯ್ ಎಂದು ಮತ್ತೆಮತ್ತೆ ಹಿಂದಿರುಗುವುದು ಇದರಿಂದ ಅರ್ಥವಾಗುತ್ತದೆ. ಇದೇ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದವರು. ಶಾಲೆಯ ಪರಿಭಾಷೆ ನೋಡಿದರೆ ಆ ಬೇಡಿಕೆಯ ತುರ್ತು ತಿಳಿಯುತ್ತದೆ. ಸಂಸ್ಕೃತದ ಕ್ರಮದಲ್ಲಿ ನಾನು ಉತ್ತಮ ಪುರುಷ, ನೀನು ಮಧ್ಯಮ, ಅವನು ಪ್ರಥಮ. ಇಂಗ್ಲಿಷ್ ಪಾಠದಲ್ಲಿ ಐ ಎಂಬುದು ಫಸ್ಟ್ ಪರ್ಸನ್. ಪ್ರಥಮ ಎಂದರೆ ಫಸ್ಟ್ ಎಂದು ನ್ಯಾಯವಾಗಿಯೇ ತಿಳಿದ ಮಗುವಿಗೆ ನಾನು ಎಂಬುದೂ ಅವನು ಎಂಬುದೂ ಒಂದೇ ಮನೆಗೆ ಬೀಳುತ್ತವೆ. ಅನ್ಯ ಪುರುಷ ಎಂಬ ಹೆಸರು ಬಳಕೆಯಲ್ಲಿದೆ, ಅದನ್ನೇ ಎಲ್ಲ ಕಡೆ ಬಳಸಿದರೆ ಈ ತೊಡಕು ಒಂದೇ ದಿನದಲ್ಲಿ ತೀರುತ್ತದೆ.

ಕನ್ನಡ ಅಡ್ಡಿಯಷ್ಟೇ ಅಲ್ಲ ಎಂಬುದನ್ನು ವಿಭಕ್ತಿ ತೋರಿಸುತ್ತದೆ. ಐ ಬೇಕೋ ಮೀ ಬೇಕೋ ಎಂಬಲ್ಲಿ ಇಂಗ್ಲಿಷೇ ಮನೆಮಾತಾದವರೂ ತಡವರಿಸುತ್ತಾರೆ, ‘ಬಿಟ್ವೀನ್ ಯೂ ಅಂಡ್ ಐ’ ಎಂದು ಓದಿದವರೇ ಬರೆಯುತ್ತಾರೆ. ಕನ್ನಡದಲ್ಲಿ ವಿಭಕ್ತಿ ಪ್ರತಿಯೊಂದು ಸರ್ವನಾಮಕ್ಕೂ ಬೇರೆಬೇರೆಯಾಗಿ ಹತ್ತುತ್ತದೆ: ‘ನಿನ್ನನ್ನೂ ನನ್ನನ್ನೂ ಕರೆದರು.’ ನನ್ನನ್ನು ಎಂಬುದು ಕಿವಿಗೆ ಬಿದ್ದಮೇಲೆ ಐ ಎಂದು ಬರೆಯಲು ಕಾರಣವೇ ಇಲ್ಲ. ಒಂದು ಎಚ್ಚರ ಬೇಕು. ನನಗೆ ಜ್ವರ ಬಂದಿದೆ, ನನಗೆ ಇಂಗ್ಲಿಷ್ ಬರುತ್ತದೆ ಎಂಬಂಥ ಚತುರ್ಥಿಯ ವಾಕ್ಯಗಳಲ್ಲಿ ಕನ್ನಡದ ನನಗೆ ಇಂಗ್ಲಿಷಿನಲ್ಲಿ ಐ ಆಗುತ್ತದೆ, ‘ಫಾರ್ ಮೀ ಫೀವರ್ ಈಸ್ ದೇರ್’ ಆಗುವುದಿಲ್ಲ. ಪರಿಚಯ ಹೇಳುವಾಗ ಬರುವ ‘ಮೈಸೆಲ್ಫ್ ಬಸವರಾಜ’ ಇಡೀ ಭಾರತದಲ್ಲಿ ಹಬ್ಬಿದ ರೂಢಿ. ಅದರಲ್ಲಿ ಕ್ರಿಯಾಪದ ಕಾಣೆಯಾಗಿರುವುದಕ್ಕೆ ‘ನಾನು ಬಸವರಾಜ’ ಎಂಬ ಕ್ರಿಯಾಪದವಿಲ್ಲದ ಕನ್ನಡ ವಾಕ್ಯ ಬಲ ಕೊಟ್ಟಿದೆ.

ಈ ವ್ಯಾಕರಣದ ಗೊಡವೆಯೇ ಬೇಡ ಎಂಬ ಆಕ್ಷೇಪ ಗಟ್ಟಿಯಾದದ್ದು, ಅದು ಕರ್ನಾಟಕದಿಂದಲೇ ಎದ್ದದ್ದು. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ, ಬೆಂಗಳೂರು ಪ್ರಾಜೆಕ್ಟ್ ಎಂದು ಲೋಕಪ್ರಸಿದ್ಧವಾದ ಪ್ರಯೋಗದಲ್ಲಿ ವ್ಯಾಕರಣ ಪಾಠವನ್ನು ಕೈಬಿಟ್ಟು, ರೈಲ್ವೆ ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹೇಳುವುದು ಇಂಥ ಕೆಲಸಗಳ ಮೂಲಕ ಭಾಷೆ ತಾನಾಗಿ ಬೆಳೆಯಲು ಬಿಟ್ಟರು. ಅರ್ಥದ ಮೇಲೆ ಗಮನ ನೆಟ್ಟಾಗ ವ್ಯಾಕರಣ ಒಳಗೊಳಗೇ ಕೂಡಿಬರುತ್ತದೆ ಎಂಬುದು ಅವರ ನಿಲುವು. 1985ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಆ ತರಗತಿಗಳು ಗ್ರಹಿಕೆಯ ಪರೀಕ್ಷೆಗಳಲ್ಲಿ ಮುಂದಿದ್ದವು, ರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ತರಗತಿಗಳು ಮುಂದಿದ್ದವು. ಪ್ರಭು ಹೇಳಿದ್ದರಲ್ಲಿ ದೊಡ್ಡ ಸತ್ಯವಿದೆ, ಬಾಯಿಪಾಠದ ಪಟ್ಟಿ ಯಾರಿಗೂ ಭಾಷೆ ಕಲಿಸಿಲ್ಲ. ಆದರೆ ಸರ್ವನಾಮದಲ್ಲಿ ಒಂದು ವಿಶೇಷವಿದೆ. ‘ಟುಕ್ ಟು ಗದಗ’ ಎಂದರೂ ಮೇಷ್ಟರಿಗೆ ಅರ್ಥವಾಗಿಬಿಡುತ್ತದೆ, ಕೆಲಸ ನಡೆದುಹೋಗುತ್ತದೆ. ಬಿಟ್ಟುಹೋದ ಇಟ್ ಕೆಲಸವನ್ನು ಕೆಡಿಸದಿದ್ದರೆ ಕೆಲಸದ ಮೂಲಕ ಆ ತಪ್ಪು ಹೇಗೆ ತಿದ್ದಿಹೋದೀತು? ಮೇಷ್ಟರೂ ಮಕ್ಕಳೂ ಒಂದೇ ಮನೆಮಾತಿನವರಾದ ತರಗತಿಯಲ್ಲಿ ಇಂಥ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಬೇರೆಯಾಗಿ ಎತ್ತಿ ತೋರಿಸಬೇಕು. ಕನ್ನಡವನ್ನು ತರಗತಿಯೊಳಗೆ ತಂದರೆ ಕನ್ನಡದ ಪ್ರಭಾವ ಇನ್ನೂ ಹೆಚ್ಚುತ್ತದೆ ಎನ್ನುವವರೂ ಇದ್ದಾರೆ. ತಂದರೂ ಬಿಟ್ಟರೂ ಅದು ಮಗುವಿನ ತಲೆಯಲ್ಲಿ ಇದ್ದೇ ಇದೆ, ಮೇಲೆ ಕಂಡ ತಪ್ಪುಗಳಲ್ಲಿ ಹೆಚ್ಚಿನವು ಅದಕ್ಕೆ ಪುರಾವೆ. ಕಿಟೆಲ್ ಹೋಲಿಸಿಕೊಂಡೇ ಕನ್ನಡ ಕಲಿತ, ಅವನ ಕನ್ನಡವನ್ನು ಇಂಗ್ಲಿಷ್ ಆಗಲಿ ಅವನ ಮನೆಮಾತಾದ ಜರ್ಮನ್ ಆಗಲಿ ಕೆಡಿಸಲಿಲ್ಲ.

ಭಾರತೀಯ ಇಂಗ್ಲಿಷ್ ಎಂಬುದು ಒಂದು ಸ್ವತಂತ್ರ ಪ್ರಭೇದ, ಲಂಡನ್ನಿನ ಅಳತೆ ನಮಗೇಕೆ ಎಂಬುದು ಎರಡನೆಯ ಆಕ್ಷೇಪ. ರಾಜಾರಾವ್ 1938ರ ಕಾಂತಾಪುರ ಕಾದಂಬರಿಯಲ್ಲಿ ಕನ್ನಡದ ಹಳ್ಳಿಯ ಮಾತಿನ ಓಟವನ್ನು ಇಂಗ್ಲಿಷಿಗೆ ಇಳಿಸಿ ಗೆದ್ದದ್ದನ್ನು ಯಾರೂ ಮರೆತಿಲ್ಲ. ಉಚ್ಚಾರಣೆಯಲ್ಲಿ, ಶಬ್ದಗಳಲ್ಲಿ, ಮಾತಿನ ಲಯದಲ್ಲಿ ಈ ಸ್ವಾತಂತ್ರ್ಯ ನಮ್ಮದೇ, ಅದನ್ನು ಬಿಡಬಾರದು. ಇಟ್ ಬಿಟ್ಟುಹೋದರೂ ಹಿಸ್ ಓನ್ ಹೆಚ್ಚಾದರೂ ಲೋಕ ಮುಳುಗುವುದಿಲ್ಲ, ಅವಕ್ಕೆ ಅಂಕ ಕಳೆಯುವುದರಲ್ಲಿ ಮೇಷ್ಟರು ಕೈ ಬಿಗಿಹಿಡಿದರೆ ಒಳ್ಳೆಯದು. ಆದರೆ ಯಾರು ಯಾರಿಗೆ ಮಾಡಿದರು ಎಂಬುದೇ ತಲೆಕೆಳಗಾಗುವ ಐ, ಹಿಮ್‌ಸೆಲ್ಫ್‌ಗಳ ತಪ್ಪು ಶೈಲಿಯ ಪ್ರಶ್ನೆಯಲ್ಲ. ಅದರ ನಷ್ಟ ಇಂಗ್ಲಿಷ್ ಕಾಗದಕ್ಕೆ ಸಹಿ ಮಾಡುವ ಬಡವನಿಗೆ ತಟ್ಟುತ್ತದೆ, ಇಂಗ್ಲಿಷ್ ಬಲ್ಲ ಲೇಖಕನಿಗಲ್ಲ.

ಎಲ್ಲ ಮಕ್ಕಳ ಮನೆಮಾತು ಕನ್ನಡವಲ್ಲವಲ್ಲ ಎಂಬ ಮೂರನೆಯ ಮಾತೂ ನಿಜ. ಲಕ್ಷ್ಮೇಶ್ವರ, ಗದಗ–ಬೆಟಗೇರಿಗಳಲ್ಲಿ ದಖನಿ ಉರ್ದು, ಶಿರಹಟ್ಟಿ, ಮುಂಡರಗಿಗಳ ತಾಂಡಾಗಳಲ್ಲಿ ಲಂಬಾಣಿ ಮಾತು ಜೀವಂತವಾಗಿವೆ. ಇದು ವಾದವನ್ನು ಸಡಿಲಿಸುವುದಿಲ್ಲ, ವಿಸ್ತರಿಸುತ್ತದೆ. ಮಗು ಯಾವ ಮಾತಿನಿಂದ ಹೊರಟಿದೆ ಎಂದು ತಿಳಿದು ಅಲ್ಲಿಂದ ದಾರಿ ತೋರಿಸಬೇಕು ಎಂಬುದಷ್ಟೇ ಇದರ ಸಾರ, ಮತ್ತು ಈ ಮಕ್ಕಳಲ್ಲಿ ಹೆಚ್ಚಿನವರು ಶಾಲೆಗೆ ಬರುವ ಹೊತ್ತಿಗೆ ಊರಿನ ಕನ್ನಡವನ್ನೂ ಆಡುತ್ತಾರೆ. ಹಾಗೆ ತೋರಿಸಬಲ್ಲ ಮೇಷ್ಟರ ಅಗತ್ಯ ಈಗ ಮೊದಲಿಗಿಂತ ಹೆಚ್ಚು. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ, 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಲು ಸರ್ಕಾರ ಮುಂದಾಯಿತು. ಕನ್ನಡವೂ ಇಂಗ್ಲಿಷೂ ಎದುರಾಳಿಗಳು ಎಂಬ ಭಾವನೆ ಈ ಚರ್ಚೆಗಳಲ್ಲಿ ಗಟ್ಟಿಯಾಗಿದೆ. ಆದರೆ ಸವಣೂರಿನ ವಿ. ಕೃ. ಗೋಕಾಕರು ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕರಾಗಿದ್ದವರು, ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೇಳಿದ ವರದಿಗೂ ಅವರದೇ ಹೆಸರು. ಆ ಎರಡು ಕೆಲಸಗಳಲ್ಲಿ ಅವರಿಗೆ ವಿರೋಧ ಕಾಣಲಿಲ್ಲ.

ಇನ್ನು ಹೇಳಲು ಉಳಿದದ್ದು ಗೌರವದ ಸರ್ವನಾಮಗಳು. ಇಂಗ್ಲಿಷಿಗೂ ಒಂದು ಕಾಲಕ್ಕೆ ದೌ, ಯೂ ಎಂದು ನೀನು, ನೀವುಗಳಿದ್ದವು. ದೌ ಬಿದ್ದುಹೋಗಿ ಎಲ್ಲರಿಗೂ ಯೂ ಉಳಿಯಿತು. ಗದಗ ಸೀಮೆಯಲ್ಲಿ ಅವ್ವನಿಗೆ ನೀ ಎನ್ನುವುದು ಪ್ರೀತಿ, ಹೊರಗಿನವರಿಗೆ ಬರ್ರಿ, ಹೌದ್ರಿ ಎಂಬ ರೀ ಬೀಳದಿದ್ದರೆ ತಪ್ಪು. ಯೂ ಎಂಬುದರಲ್ಲಿ ಈ ರೀಗೆ ಜಾಗವಿಲ್ಲದ್ದರಿಂದ ನಮ್ಮವರು ಇಂಗ್ಲಿಷ್ ಮಾತಿನ ತುಂಬ ಸರ್, ಮೇಡಂ ಸೇರಿಸುತ್ತಾರೆ. ಅದು ಜಾಣತನದ ಪರಿಹಾರ. ತಪ್ಪಾಗುವುದು ಅನ್ಯ ಪುರುಷದಲ್ಲಿ. ಹೆಡ್‌ಮಾಸ್ತರು ಬಂದರು, ಅವರು ಭಾಷಣ ಮಾಡಿದರು ಎಂಬುದನ್ನು ದೇ ಎಂದು ಬರೆದರೆ ಇಂಗ್ಲಿಷಿನಲ್ಲಿ ಬಂದವರು ಹಲವರಾಗುತ್ತಾರೆ. ಈಗ ಏಕವಚನದ ದೇ ಒಪ್ಪಿತವಾಗಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದು ಹೊಸದಲ್ಲ, 14ನೆಯ ಶತಮಾನದಿಂದಲೂ ಇಂಗ್ಲಿಷಿನಲ್ಲಿದೆ. ನಡುವೆ ವೈಯಾಕರಣರು ಅದನ್ನು ತಳ್ಳಿ ಹಿ ಒಂದೇ ಎಲ್ಲರಿಗೂ ಸಾಕು ಎಂದರು. ಭಾರತದ 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೆಯ ಕಲಮೂ ಪುಲ್ಲಿಂಗದ ಪದಗಳು ಹೆಂಗಸರನ್ನೂ ಒಳಗೊಳ್ಳುತ್ತವೆ ಎಂದು ಹೇಳಿತು. ಹುಲಕೋಟಿ ಇರುವ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಕೃಷಿ ಸಹಕಾರಿ ಸಂಘದ ಕಾಲದಿಂದ ಇಂದಿನವರೆಗೆ ಕಾನೂನಿನ ಇಂಗ್ಲಿಷಿನಲ್ಲಿ ಸದಸ್ಯ ಹಿ ಆಗಿಯೇ ನಡೆದುಬಂದಿದ್ದಾನೆ. ಯಾರೆಂದು ಗೊತ್ತಿಲ್ಲದ ಒಬ್ಬರನ್ನು ‘ಯಾರೋ ಬಂದಾರ, ಅವರಿಗೆ ಕೂಡ್ಲಿಕ್ಕೆ ಹೇಳ್ರಿ’ ಎನ್ನುವ ಕನ್ನಡಿಗನಿಗೆ ಹಿಗಿಂತ ಏಕವಚನದ ದೇ ಎಷ್ಟೋ ಸಲೀಸು, ಅದನ್ನು ಧಾರಾಳವಾಗಿ ಕಲಿಸಬಹುದು. 2019ರಲ್ಲಿ ಮೆರಿಯಂ–ವೆಬ್‌ಸ್ಟರ್ ನಿಘಂಟು, ತಮ್ಮನ್ನು ಗಂಡು ಹೆಣ್ಣು ಎರಡರಲ್ಲೂ ಎಣಿಸಿಕೊಳ್ಳದವರಿಗೂ ದೇ ಸಲ್ಲುತ್ತದೆಂದು ಸೇರಿಸಿತು. ಯಾವ ಅರ್ಥದಲ್ಲಾದರೂ ಅದರ ಮುಂದೆ ಆರ್ ಬರಬೇಕು, ಈಸ್ ಅಲ್ಲ. ಇವುಗಳಲ್ಲಿ ಯಾವುದೂ ಗೌರವದ ದೇ ಅಲ್ಲ, ಇಂಗ್ಲಿಷಿಗೆ ಅಂಥದ್ದೊಂದು ಇಲ್ಲವೇ ಇಲ್ಲ. ಉತ್ತರಪತ್ರಿಕೆಯಲ್ಲಿ ದೇ ಕಂಡಾಗ ಅದು ಯಾರ ಬಗ್ಗೆ ಎಂದು ಮೊದಲು ನೋಡಬೇಕು. ಹೆಸರು ತಿಳಿಯದ ಅರ್ಜಿದಾರರ ಬಗ್ಗೆ ಆಗಿದ್ದರೆ ಅಂಕ ಕೊಡಬೇಕು, ಹೆಡ್‌ಮಾಸ್ತರರ ಬಗ್ಗೆ ಆಗಿದ್ದರೆ ಹಿ ಅಥವಾ ಶಿ ಎಂದು ತಿದ್ದಿ, ಅದರಿಂದ ಅವರ ಗೌರವಕ್ಕೆ ಏನೂ ಕುಂದಿಲ್ಲ ಎಂದು ಕನ್ನಡದಲ್ಲೇ ಹೇಳಬೇಕು.